ಟಾರ್ಪಾಲ್ ಪ್ಯಾರಾಚೂಟಿನ ಪ್ರಕರಣ

ನವೆಂಬರ್ 14, ಶುಕ್ರವಾರ, ಬೆಳಿಗ್ಗೆ 9.40. ಮಧುಶ್ರೀ ಎಂಬ ಇಪ್ಪತ್ತೈದರ ಹೆಣ್ಣುಮಗಳು ಶಿರಾ ತಾಲ್ಲೂಕಿನ ಒಂದು ಪೊಲೀಸ್ ಠಾಣೆಗೆ ನುಗ್ಗಿದ ರಭಸಕ್ಕೆ ಗೋಡೆಯ ನಕ್ಷೆ ಮೊಳೆಯ ಮೇಲೆ ಒಂದೂವರೆ ಸುತ್ತು ತಿರುಗಿ ನಿಂತಿತು. ಇಪ್ಪತ್ತು ವರ್ಷದ ಸೇವೆಯಲ್ಲಿ ಒಂದು ಲಕ್ಷ ಪಂಚನಾಮೆ ಬರೆದು ಏಳು ಮೇಜು ಸವೆಸಿದ್ದ ಇನ್‌ಸ್ಪೆಕ್ಟರ್ ನರಸಿಂಹರಾಜು ಪೆನ್ನು ತೆಗೆದರು.

"ಯಾರಮ್ಮ ಕಾಣೆಯಾಗಿರೋದು?"

"ನಮ್ಮೆಜಮಾನ್ರು ಸಾರ್, ರೇವಂತ್. ರೇಸ್ ಗಾಡಿ ಓಡಿಸ್ತಾರೆ."

"ಕೊನೆಗೆ ಮಾತಾಡಿದ್ದು ಯಾವಾಗ?"

"ನೆನ್ನೆ ಸಂಜೆ ಐದಕ್ಕೆ. 'ಗಾಡಿ ನಿಂತ ಏಟ್ಗೆ ಬಲಗಣ್ಣಲ್ಲಿ ಮಿಂಚು ಹೊಡೀತು, ಈಗ ಮೇಲಿಂದ ಕರೀ ಪರದೆ ಇಳೀತಾ ಐತೆ ಕಣೆ' ಅಂದ್ರು. ಆಮೇಲೆ ಫೋನ್ ಆಫ್."

"ಗಾಡಿ ಯಾರದು? ಎಲ್ಲಿ ಓಡಿಸೋದು?"

"ಅದ್ನ ಮಾತ್ರ ಹೇಳಕಿಲ್ಲ. ಹೇಳಿದ್ರೆ ನಾನ್ ಹೋಗಿ ಗಾಡೀಗೆ ಬೆಂಕಿ ಇಕ್ತೀನಿ ಅಂತ ಅವ್ರಿಗೆ ಗೊತ್ತು."

ಕಾನ್‌ಸ್ಟೇಬಲ್ ಸಹನಾ ಕಣ್ಣಿನ ಡಾಕ್ಟರ್ ಚೈತ್ರ ಅವರಿಗೆ ಫೋನ್ ಮಾಡಿ, ನಡೆದದ್ದನ್ನು ಹೇಳಿ, ಸ್ಪೀಕರ್ ಹಾಕಿದಳು.

"ಪ್ಯಾರಾಚೂಟ್ ಬಿಚ್ಚಿ ನಿಲ್ಲಿಸೋ ಗಾಡಿನಾ?" ಡಾಕ್ಟರ್ ಕೇಳಿದರು.

"ಹೂಂ ಮೇಡಂ," ಎಂದಳು ಮಧುಶ್ರೀ.

"ಮೈಯೇನೋ ಬೆಲ್ಟಿಗೆ ನಿಂತುಬಿಡತ್ತೆ, ಕಣ್ಣೊಳಗಿರೋದು ಮುಂದಕ್ಕೆ ಹೋಗತ್ತೆ. ಹಿಂದಿನ ಪೊರೆ, ರೆಟಿನಾ, ಕಿತ್ಕೊಂಡಿರಬೇಕು. ಪರದೆ ನಡುವಿಗೆ ಇಳಿಯೋ ಮುಂಚೆ ಆಪರೇಷನ್ ಆದ್ರೆ ದೃಷ್ಟಿ ಉಳಿಯತ್ತೆ. ಇಳಿದ್ರೆ ಕಷ್ಟ. ಇವತ್ತೇ ಹುಡುಕಿ."

10.05ಕ್ಕೆ ಎಫ್‌ಐಆರ್ ದಾಖಲಾಯಿತು. ಜಾಗ ಯಾವುದೆಂದು ಊಹಿಸಿದ್ದು ಪಾವಗಡ ಕಡೆಯ ಹೆಡ್ ಕಾನ್‌ಸ್ಟೇಬಲ್ ಪೆದ್ದಣ್ಣ. ಪಟ್ಟನಾಯಕನಹಳ್ಳಿ ಆಚೆ, ಸೋಲಾರ್ ಸಾಮಾನು ಸಾಗಿಸಲು ಹಾಕಿದ್ದ ನೇರ ರಸ್ತೆಯಿಂದ ಮೂರು ತಿಂಗಳಿಂದ ಸದ್ದಿನ ದೂರು ಬರುತ್ತಿತ್ತು. ಆ ಸದ್ದಿಗೆ ಪಾವಗಡದ ಕೋಳಿಗಳು ನಾಳಿನ ಮೊಟ್ಟೆಯನ್ನು ಇವತ್ತೇ ಇಡುತ್ತಿದ್ದವು. ಮಧುಗಿರಿ ಬೆಟ್ಟ ಕೊರಟಗೆರೆ ಕಡೆಗೆ ಒಂದು ಗೇಣು ಸರಿದಿತ್ತು.

11.10. ರಸ್ತೆಯ ಮೇಲೆ ನಾನೂರು ಮೀಟರ್ ಉದ್ದದ ಟೈರಿನ ಕರಿ ಗೆರೆ. ಅದರ ತುದಿಯಾಚೆ ಬೇಲಿಗೆ ಸಿಕ್ಕ ಹರಿದ ನೀಲಿ ಟಾರ್ಪಾಲು, ಅದಕ್ಕೆ ಎಂಟು ಹಗ್ಗ. ಪಕ್ಕದ ಹೊಲದ ದೊಡ್ಡರಂಗಪ್ಪನನ್ನು ಪಂಚನಾಗಿ ಕರೆದರು.

"ನೆನ್ನೆ ಏನು ನೋಡಿದೆ?"

"ಇದು ಬಿಚ್ಕಂಡಿದ್ದೇ ತಡ, ಗಾಡಿ ಒದ್ದಂಗೆ ನಿಂತ್ಕತು ಸಾಮಿ. ಒಳ್ಗಿದ್ದೋನ್ ತಲೆ ಮಾತ್ರ ನಿಲ್ಲಲಿಲ್ಲ. ಇನ್ನೊಬ್ಬ ಅವ್ನ ಎತ್ತಿ ಗೂಡ್ಸ್ ಆಟೋಗೆ ಹಾಕ್ಕಂಡು, ಗಾಡೀನ ಹಿಂದೆ ಕಟ್ಕಂಡು ಹೋದ."

"ಯಾರವನು?"

"ನನ್ ಕಣ್ಣೂ ಅಷ್ಟಕ್ಕಷ್ಟೇ ಬುಡಿ."

ಪೆದ್ದಣ್ಣ ಟಾರ್ಪಾಲು ಹರಡಿದರು. ಕಡಲೆಕಾಯಿ ಮಂಡಿಯಲ್ಲಿ ಎಲ್ಲರ ಟಾರ್ಪಾಲೂ ನೀಲಿಯೇ. ಅದಲುಬದಲಾಗದಿರಲಿ ಎಂದು ಪ್ರತಿಯೊಬ್ಬರೂ ಮೂಲೆಯಲ್ಲಿ ಬಣ್ಣದಿಂದ ಹೆಸರು ಬರೆಯುವುದು ರೂಢಿ. ಇದನ್ನು ಪ್ಯಾರಾಚೂಟಿಗೆಂದು ಗುಂಡಗೆ ಕತ್ತರಿಸಿ ಮೂಲೆಯನ್ನೇ ತೆಗೆದಿದ್ದರು. ಆದರೂ ಕೈ ಕೇಳದೆ, ಅಂಚಿನಲ್ಲಿ ಕೆಂಪು ಬಣ್ಣದಲ್ಲಿ ಹೊಸದಾಗಿ ಬರೆದಿತ್ತು: ಅನಿಲ್ ಕುಮಾರ್, ಕಡಲೆಕಾಯಿ ಮಿಲ್, ತಾವರೆಕೆರೆ.

"ಏಮಿ ಸಾರ್ ಇದಿ! ಮಾಡೋದ್ ಕಳ್ಳ ರೇಸು, ಅಡ್ರೆಸ್ ಬೇರೆ ಬರ್ದವ್ನೆ!" ಎಂದರು ಪೆದ್ದಣ್ಣ, ಅರ್ಧ ತೆಲುಗಿನಲ್ಲಿ.

ತಾವರೆಕೆರೆಗೆ ಜೀಪು ಹೋದ ವೇಗಕ್ಕೆ ಅದರ ನೆರಳು ಎರಡು ಮೈಲಿ ಹಿಂದೆ ಬಿತ್ತು. 12.25ಕ್ಕೆ ಮಿಲ್ಲಿನ ಬಾಗಿಲಲ್ಲಿ ನಲವತ್ತರ ಅನಿಲ್ ಕುಮಾರ್ ನಿಂತಿದ್ದ.

"ರೇವಂತ್ ಎಲ್ಲಿ?"

"ಯಾವ್ ರೇವಂತ್ ಸಾರ್?"

"ಲೇ," ಎಂದರು ಪೆದ್ದಣ್ಣ, "ನಿನ್ ಟಾರ್ಪಾಲ್ಗೆ ಗೊತ್ತಿರೋದು ನಿಂಗ್ ಗೊತ್ತಿಲ್ವೇನ್ಲಾ?"

ಅನಿಲ್ ಬೀಗದ ಕೈ ಕೊಟ್ಟ. ಗೋಡೌನಿನಲ್ಲಿ, ಚೀಲಗಳ ಸಾಲಿನ ಹಿಂದೆ, ರೇವಂತ್ ಅಂಗಾತ ಮಲಗಿದ್ದ. ಕಣ್ಣಿಗೆ ಒದ್ದೆ ಬಟ್ಟೆ. ಸಹನಾ ಅದನ್ನು ತೆಗೆದು ಬಗ್ಗಿದಳು.

"ಎಡಗಣ್ಣು ಮುಚ್ಕೊಳಪ್ಪ. ಪರದೆ ಎಲ್ಲೀತನಕ ಬಂದಿದೆ?"

"ನಿಮ್ ಟೋಪಿ ಕಾಣ್ತಿಲ್ಲ ಮೇಡಂ. ಮುಖ ಕಾಣ್ತೈತೆ." ಅವನು ಅನಿಲ್ ಕಡೆ ಬೆರಳು ತೋರಿಸಿದ. "ಆಸ್ಪತ್ರೆಗೆ ಹೋಗ್ತೀನಿ ಅಂದೆ. ಫೋನ್ ಕಿತ್ಕಂಡು ಬೀಗ ಹಾಕ್ಬುಟ್ಟ."

ನಡುವಿಗೆ ಇನ್ನೂ ಇಳಿದಿರಲಿಲ್ಲ. ಆಂಬುಲೆನ್ಸ್ ಅವನನ್ನು ತುಮಕೂರಿಗೆ ಒಯ್ದಿತು. ಚಾಲಕ ಗುಂಡಿ ತಪ್ಪಿಸಿದ ನಾಜೂಕಿಗೆ ಒಳಗಿದ್ದ ಲೋಟದ ನೀರೂ ನಿದ್ದೆ ಹೋಯಿತು. 1.15ಕ್ಕೆ ಅನಿಲ್ ಕುಮಾರನ ಬಂಧನ. ಅಕ್ರಮ ಬಂಧನದಲ್ಲಿಟ್ಟದ್ದು, ಜೀವಕ್ಕೆ ಅಪಾಯ ತಂದದ್ದು ಎಂಬ ಕಲಮುಗಳು ಸೇರಿದವು. ಷೆಡ್ಡಿನಲ್ಲಿದ್ದ ಗಾಡಿ ಜಪ್ತಿಯಾಯಿತು.

ಸಂಜೆ 6.15ಕ್ಕೆ ಮಧುಶ್ರೀ ಫೋನ್ ಮಾಡಿದಳು. "ಆಪರೇಷನ್ ಆಯ್ತು ಸಾರ್. ಕಣ್ ಉಳೀತದೆ ಅಂದ್ರು! ಅಲ್ಲಾಡ್ದೆ ಮಲ್ಗಿದ್ದು ಒಳ್ಳೇದಾಯ್ತಂತೆ." ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಒಟ್ಟಿಗೆ ಕೇಳಿಸಿತು. ಠಾಣೆಯವರೆಲ್ಲ ಒಮ್ಮೆಲೇ ಬಿಟ್ಟ ನಿಟ್ಟುಸಿರಿಗೆ ಹೆದ್ದಾರಿಯ ಲಾರಿಗಳು ಪುಣೆ ಕಡೆಗೆ ನಾಲ್ಕು ಮಾರು ಮುಂದೆ ಹೋದವು.

ಸುದ್ದಿ ಕೇಳಿ ಬೆಂಚಿನ ಮೇಲಿದ್ದ ಅನಿಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಲೇ, ಸಾಹೇಬ್ರು ಕರೀತಾವ್ರೆ, ಇತ್ತ ತಿರುಗ್ಲಾ," ಎಂದರು ಪೆದ್ದಣ್ಣ. ಅವನು ತಿರುಗಲಿಲ್ಲ. "ಪೊಗರು ನೋಡಿ ಸಾರ್."

ಆಗ ಅನಿಲ್ ಕಾಲು ಎತ್ತಿಟ್ಟು, ಸೊಂಟ, ಎದೆ, ತಲೆ ಎಲ್ಲವನ್ನೂ ಒಂದೇ ತುಂಡಿನ ಹಾಗೆ ಈ ಕಡೆ ಹೊರಳಿಸಿದ.

"ಕತ್ತಿಗೆ ಏನಾಗಿದೆ?" ನರಸಿಂಹರಾಜು ಕೇಳಿದರು.

"ತಿರುಗಲ್ಲ ಸಾರ್. ಹತ್ತೊಂಬತ್ತು ಸಲ ನಾನೇ ಓಡಿಸ್ದೆ. ಪ್ಯಾರಾಚೂಟ್ ಬಿಚ್ದಾಗೆಲ್ಲ ಕಣ್ಣು ಕತ್ತಲಾಗೋದು, ಐದ್ ನಿಮಿಷಕ್ಕೆ ವಾಪಸ್ ಬರೋದು. ಇವ್ನ್ದೂ ಬರ್ತದೆ ಅಂತ ಕಾದೆ."

"ರಾತ್ರಿಯೆಲ್ಲಾನಾ?"

"ಆಸ್ಪತ್ರೆಗೆ ಹೋದ್ರೆ ವಿಸ್ಯ ಹೊರಗ್ ಬಂದು ಗಾಡಿ ನಿಂತೋಗೋದು. ಮೂರ್ ವರ್ಸ ಕೂತು ಕಟ್ಟಿದ್ದು ಸಾರ್. ಇನ್ನೂ ಜೋರಾಗಿ ಹೋಗ್ತಿತ್ತು ಅದು. ನನ್ ಮೈ ತಡ್ಕಳಲಿಲ್ಲ. ವಯಸ್ಸಿನ್ ಹುಡ್ಗನ ಮೈ ತಡ್ಕತ್ತದೆ ಅನ್ಕಂಡೆ. ಯಾವ್ ಮೈಯೂ ತಡ್ಕಳಲ್ಲ ಅನ್ನೋದ್ನ ಒಪ್ಕಳಕ್ಕೆ ಆಗ್ಲಿಲ್ಲ."

ನರಸಿಂಹರಾಜು ಎದ್ದು, ಅವನು ಹೊರಳಬೇಕಾಗದಂತೆ ತಮ್ಮ ಕುರ್ಚಿಯನ್ನು ಬೆಂಚಿನ ಎದುರಿಗೇ ಹಾಕಿಕೊಂಡು, ಹೇಳಿಕೆಯನ್ನು ಮೊದಲಿನಿಂದ ಬರೆದುಕೊಳ್ಳತೊಡಗಿದರು.