ಒಂದೇ ಕುರ್ಚಿ, ಅರ್ಧರ್ಧ ಕಛೇರಿ

"ಸ್ವಲ್ಪ ಏಳ್ತೀರಾ? ಇದು ನನ್ನ ಕುರ್ಚಿ."

ಅವಳು ತಲೆಯೆತ್ತಿದಳು. ಎದುರಿಗೆ ತೋಳು ಮಡಚಿದ ಶರ್ಟಿನ ಎತ್ತರದ ಯುವಕ. ಉಗುರಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಗ್ರೀಸಿನ ಕಪ್ಪು.

"ನಿಮ್ಮದಾ? ಟಿಕೆಟ್ ಸರಿಯಾಗಿ ನೋಡ್ಕೊಳ್ಳಿ."

"ನೋಡ್ಕೊಂಡೇ ಬಂದಿದ್ದೀನಿ ಮೇಡಂ. ಎರಡನೇ ಸಾಲು, ಎಡಗಡೆ ಕೊನೇದು. ಪಿಯಾನೋ ಮೇಲೆ ಬೆರಳು ಆಡೋದು ಕಾಣೋ ಜಾಗ."

ಅವಳು ತನ್ನ ಟಿಕೆಟ್ ತೆಗೆದು ನೋಡಿದಳು. ಅದೇ ಸಾಲು, ಅದೇ ಕುರ್ಚಿ!

ಅದೇನು ದೊಡ್ಡ ಸಭಾಂಗಣವಲ್ಲ. ಹಳೆಯ ಕಟ್ಟಡದ ಮೇಲ್ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಮೂವತ್ತು ನಲವತ್ತು ಮರದ ಕುರ್ಚಿ, ಒಂದೇ ಒಂದು ದೀಪ, ಅದರ ಕೆಳಗೆ ಮುಚ್ಚಳ ತೆರೆದ ಕರಿ ಪಿಯಾನೋ. ಮೈಕಿಲ್ಲ, ಜೊತೆಗೆ ಬೇರೆ ವಾದ್ಯವಿಲ್ಲ. ನುಡಿಸುವಾಕೆಯ ಕೂದಲೆಲ್ಲ ಬೆಳ್ಳಗಾಗಿದೆ. ಅಭಿಮಾನಿಗಳ ಬಾಯಲ್ಲಿ ಆಕೆ 'ದೊಡ್ಡಮ್ಮ'. ದೊಡ್ಡಮ್ಮ ಯಾವ ಊರಿನಲ್ಲಿ ನುಡಿಸಿದರೂ ಮಿನಿಬಸ್ಸು ಮಾಡಿಕೊಂಡು ಹೋಗುವ ಗುಂಪೊಂದಿತ್ತು. ಅವಳು ಆ ಬಸ್ಸಿನಲ್ಲೇ ಬಂದಿದ್ದಳು. ಇವನು ಹೊಸಬ, ರೈಲಿನಲ್ಲಿ ಬಂದು ನೇರವಾಗಿ ಇಲ್ಲಿಯೇ ಸೇರಿಕೊಂಡಿದ್ದ.

ಗುಂಪಿನ ಯಜಮಾನಿಕೆ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿಯದು. ಎಲ್ಲರಿಗೂ ಅವರು ಹೆಡ್ ಮೇಡಂ. ಎರಡೂ ಟಿಕೆಟ್ ನೋಡಿದವರೇ ಹಣೆ ಚಚ್ಚಿಕೊಂಡರು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಯಾರೋ ಬರಲ್ಲ ಅಂದ್ರು ಅಂತ ಅವರ ಸೀಟನ್ನ ಇಬ್ಬರಿಗೂ ಕಳಿಸಿಬಿಟ್ಟಿದ್ದೀನಿ."

"ಚಿಕ್ಕ ಮಕ್ಕಳಾಗಿದ್ರೆ ಒಂದೇ ಕುರ್ಚೀಲಿ ಕೂರಿಸಬಹುದಿತ್ತು," ಎಂದು ಹಿಂದಿನ ಸಾಲಿನಿಂದ ಅವಳ ಚಿಕ್ಕಮ್ಮನ ದನಿ ಬಂತು. ಅವಳ ಜೊತೆಗೆಂದು ಪ್ರತಿ ಕಛೇರಿಗೂ ಬಂದು, ಮೊದಲ ಸ್ವರಕ್ಕೇ ನಿದ್ದೆ ಹೋಗುವ ಚಿಕ್ಕಮ್ಮ.

ನಿಂತು ಕೇಳುವ ಹಾಗಿಲ್ಲ. ಮರದ ನೆಲ, ಯಾರು ಮಿಸುಕಿದರೂ ಕಿರ್ರೆನ್ನುತ್ತದೆ. ದೊಡ್ಡಮ್ಮ ಕೂತರೆಂದರೆ ಬಾಗಿಲೂ ಬಂದ್.

ಅವನು ಕತ್ತು ಕೆರೆದುಕೊಂಡ.

"ಮಧ್ಯಂತರ ಇದೆಯಲ್ಲ? ಮೊದಲರ್ಧ ಒಬ್ಬರು, ಎರಡನೇ ಅರ್ಧ ಒಬ್ಬರು."

"ಎರಡನೇದು ನನಗೆ!" ಅವಳು ಥಟ್ಟನೆ ಹೇಳಿದಳು.

"ತಗೊಳ್ಳಿ. ಆದ್ರೆ ಕೇಳಿದ್ದನ್ನ ಒಬ್ಬರಿಗೊಬ್ಬರು ಹೇಳ್ಬೇಕು. ಇಲ್ಲಾಂದ್ರೆ ಇಷ್ಟು ದೂರ ಬಂದಿದ್ದು ದಂಡ."

*ಎಂಥ ವಿಚಿತ್ರ ಮನುಷ್ಯ!* ಎಂದುಕೊಳ್ಳುತ್ತ ಅವಳು ಹೊರಗೆ ಹೋಗಿ ನಿಂತಳು. ದಪ್ಪ ಬಾಗಿಲಿನಾಚೆಯಿಂದ ಬರಿಯ ಗುಂಯ್‌ಗುಟ್ಟುವ ಸದ್ದು. ರಾಗ ಯಾವುದೆಂದು ತಿಳಿಯುತ್ತಿರಲಿಲ್ಲ.

ಮಧ್ಯಂತರದಲ್ಲಿ ಅವನು ಹೊರಬಂದಾಗ ಕಣ್ಣು ಹೊಳೆಯುತ್ತಿತ್ತು.

"ಎಡಗೈ ಲಿಫ್ಟ್ ಥರ ನಿಧಾನಕ್ಕೆ ಮೇಲೆ ಹೋಗುತ್ತೆ ಕಣ್ರೀ. ಮಹಡಿ ಬಂತು, ಈಗ ಬಾಗಿಲು ತೆಗೆಯುತ್ತೆ ಅಂದ್ಕೋತೀವಿ… ತೆಗೆಯೋದೇ ಇಲ್ಲ! ನನಗೆ ಉಸಿರೇ ನಿಂತುಹೋಯ್ತು."

"ಲಿಫ್ಟಾ?"

"ನಾನು ಲಿಫ್ಟ್ ರಿಪೇರಿಯವನು. ನನಗೆ ಬರೋ ಹೋಲಿಕೆ ಅಷ್ಟೇ."

ಅವಳು ಬೇಡವೆಂದರೂ ನಕ್ಕುಬಿಟ್ಟಳು.

ವಾಪಸ್ಸು ಬರುವಾಗ ಅವನೂ ಬಸ್ಸು ಹತ್ತಿದ. ಈಗ ಹೇಳುವ ಸರದಿ ಅವಳದು. ಅವಳಿಗೆ ನಾಲಿಗೆ ಏಳಲಿಲ್ಲ. ಅವಳದು ಮದುವೆ ಬಟ್ಟೆಗಳನ್ನು ಅಳತೆಗೆ ಸರಿಮಾಡಿಕೊಡುವ ಅಂಗಡಿಯಲ್ಲಿ ಕೆಲಸ. ಯಾರದೋ ಸೊಂಟ ಬಿಗಿ, ಯಾರದೋ ತೋಳು ಸಡಿಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ದಿನವಿಡೀ ಬೇರೆಯವರ ಮಾತು ಕೇಳುವವಳು ಅವಳು.

"ಕೊನೇದು… ಒಳಹೊಲಿಗೆ ಥರ ಇತ್ತು," ಎಂದು ತಡವರಿಸಿದಳು. "ಮೇಲೆ ಏನೂ ಕಾಣಲ್ಲ. ಆದ್ರೆ ಅದನ್ನ ಬಿಚ್ಚಿದ್ರೆ ಇಡೀ ಬಟ್ಟೆ ಕಳಚಿಬೀಳುತ್ತೆ."

"ಆಮೇಲೆ?"

ಅವಳು ಬೆಚ್ಚಿ ಅವನ ಮುಖ ನೋಡಿದಳು.

ಅವಳಿಗೆ ಹಿಂದೊಮ್ಮೆ ಮದುವೆ ನಿಶ್ಚಯವಾಗಿತ್ತು. ಆ ಹುಡುಗ ಒಳ್ಳೆಯವನೇ. ಅವಳು ಏನು ಹೇಳಿದರೂ "ಹೂಂ, ಹೂಂ" ಎನ್ನುತ್ತಿದ್ದ, ಕಣ್ಣು ಮಾತ್ರ ಫೋನಿನಲ್ಲಿ. ಒಂದು ಸಂಜೆ ಅವಳು ಬೇಕೆಂದೇ, "ಇವತ್ತು ನಮ್ಮ ಅಂಗಡಿಗೆ ಬೆಂಕಿ ಬಿತ್ತು," ಎಂದಳು. ಅವನು, "ಹೌದಾ, ಕೇಳಿ ಖುಷಿ ಆಯ್ತು," ಎಂದ! ಅವತ್ತೇ ಉಂಗುರ ತೆಗೆದು ಮೇಜಿನ ಮೇಲಿಟ್ಟು ಎದ್ದು ಬಂದಿದ್ದಳು. ಮನೆಯವರು ಇಷ್ಟಕ್ಕೆಲ್ಲ ಯಾರಾದರೂ ಮದುವೆ ಬಿಡುತ್ತಾರಾ ಎಂದರು. ಚಿಕ್ಕಮ್ಮ ಒಬ್ಬಳೇ ಏನನ್ನೂ ಕೇಳದೆ ಅವಳ ತಲೆ ಸವರಿದ್ದು.

ಈಗ ಈ ಗ್ರೀಸಿನ ಕೈಯವನು "ಆಮೇಲೆ?" ಎನ್ನುತ್ತಿದ್ದಾನೆ!

ಅರ್ಧ ದಾರಿಯವರೆಗೂ ಅವಳು ಮಾತಾಡಿದಳು. ಬೆಂಕಿಯ ಕಥೆಯನ್ನೂ ಹೇಳಿದಳು. ಅವನು ನಗಲಿಲ್ಲ.

ಮುಂದಿನ ಕಛೇರಿಗೆ ಹೆಡ್ ಮೇಡಂ, "ಈ ಸಲ ಇಬ್ಬರಿಗೂ ಬೇರೆ ಬೇರೆ ಸೀಟು," ಎಂದಾಗ ಇಬ್ಬರೂ ಒಟ್ಟಿಗೆ, "ಒಂದೇ ಸಾಕು ಮೇಡಂ," ಎಂದರು. ಹೆಡ್ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. ಅನ್ನಬೇಕಾದ್ದನ್ನೆಲ್ಲ ಚಿಕ್ಕಮ್ಮನೇ ಅಂದಳು.

"ಇರೋ ಕುರ್ಚಿ ಬಿಟ್ಟು ಹೊರಗೆ ನಿಲ್ಲೋಕೆ ದುಡ್ಡು ಕೊಡೋ ಜನಾನ ಇಲ್ಲೇ ನೋಡಿದ್ದು ನಾನು!"

ಹೀಗೆಯೇ ಆ ವರ್ಷದ ಕೊನೆಯ ಕಛೇರಿ ಬಂತು. ಬಿಸಿಲಿನ ಮಧ್ಯಾಹ್ನ. ಮೊದಲರ್ಧ ಅವನದು. ಹೊರಗೆ ನಿಂತ ಅವಳು ಒಂದು ನಿರ್ಧಾರಕ್ಕೆ ಬಂದಿದ್ದಳು. *ಇವತ್ತು ಹೇಳಿಬಿಡಬೇಕು. ಇನ್ನು ಮುಂದಿನ ವರ್ಷದವರೆಗೆ ಯಾರು ಕಾಯುತ್ತಾರೆ?*

ಬಾಗಿಲು ತೆರೆಯಿತು. ಅವನ ಮುಖ ಬಿಳಿಚಿಕೊಂಡಿತ್ತು.

"ಏನು ನುಡಿಸಿದ್ರು? ಬೇಗ ಹೇಳಿ!"

"ಅದೇ… 'ತೆರೆದ ಕಿಟಕಿ'. ತುಂಬಾ ಚೆನ್ನಾಗಿತ್ತು. ಗಾಳಿ ಬಂದಂಗೆ."

ಅಷ್ಟೇನಾ? ಲಿಫ್ಟಿಲ್ಲ, ಮಹಡಿಯಿಲ್ಲ… ಪ್ರಯಾಣದ ಆಯಾಸವಿರಬೇಕು ಎಂದುಕೊಂಡು ಅವಳು ಒಳಗೆ ಹೋದಳು.

ಹೊರಟ ಬಸ್ಸಿನಲ್ಲಿ ಅವನ ಪಕ್ಕವೇ ಕೂತಿದ್ದಳು. ಮುಂದಿನ ಸೀಟಿನಿಂದ ಹೆಡ್ ಮೇಡಂ ಹಿಂದೆ ತಿರುಗಿದರು.

"ನೋಡಿದ್ರಾ ದೊಡ್ಡಮ್ಮನ ಕಿತಾಪತಿ? ಕಾರ್ಯಕ್ರಮದ ಚೀಟೀಲಿ 'ತೆರೆದ ಕಿಟಕಿ' ಅಂತ ಅಚ್ಚು ಹಾಕ್ಸಿ, ಮೊದಲರ್ಧ ಪೂರ್ತಿ ಜೋಗುಳ ನುಡಿಸಿಬಿಟ್ರು! ಕಿಟಕಿ ತೆಗೀಲೇ ಇಲ್ಲ ಪುಣ್ಯಾತ್ಗಿತ್ತಿ."

ಅವಳು ನಿಧಾನವಾಗಿ ಪಕ್ಕಕ್ಕೆ ತಿರುಗಿದಳು. ಅವನ ಕಿವಿ ಕೆಂಪಾಗಿತ್ತು.

"ಗಾಳಿ ಬಂದಂಗಿತ್ತಾ?" ಎಂದಳು.

ಅವನು ಮುಖ ತಗ್ಗಿಸಿ ಬೂಟಿನ ತುದಿ ನೋಡಿದ.

ಅವಳು ಎದ್ದುಹೋಗಿ ಚಿಕ್ಕಮ್ಮನ ಪಕ್ಕದಲ್ಲಿ ಕೂತಳು. ಕಿಟಕಿಯಾಚೆ ಹೊಲಗಳು ಹಿಂದೆ ಹಿಂದೆ ಓಡುತ್ತಿದ್ದವು. *ಇವನೂ ಅಷ್ಟೇ. ಕೇಳದೆಯೇ ಕೇಳಿದೆ ಅನ್ನುವವನು. ನಾನು ಹೇಳಿದ್ದನ್ನೂ ಹೀಗೆಯೇ ಕೇಳಿದನಾ? ಎಷ್ಟು "ಆಮೇಲೆ" ನಿಜ, ಎಷ್ಟು ಸುಳ್ಳು?* ಅವಳು ಮೂಗು ಒರೆಸಿಕೊಂಡಳು.

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಏನಾಯ್ತೇ?"

"ಏನಿಲ್ಲ."

"ಏನಿಲ್ಲದಿದ್ರೆ ಮೂಗ್ಯಾಕೆ ಸೊರಸೊರ ಅಂತಿದೆ? ಹೋದ ಸಲ ಒಂದು ಮಾತೂ ಆಡದೆ ಉಂಗುರ ಇಟ್ಟು ಬಂದೆ. ಸರಿ, ಅವನಿಗೆ ಅದು ಸಾಕು. ಇವನನ್ನ ಕೇಳಿಯಾದ್ರೂ ಬಿಡು. ಕೇಳದೆ ಬಿಟ್ರೆ ಆಯಸ್ಸು ಪೂರ್ತಿ ಕೊರೆಯುತ್ತೆ."

ಬಸ್ಸು ಪೆಟ್ರೋಲ್ ಬಂಕಿನಲ್ಲಿ ನಿಂತಿತು. ಹೊತ್ತು ಮುಳುಗುತ್ತಿತ್ತು. ಎಲ್ಲರೂ ಕಾಫಿಗೆ ನುಗ್ಗಿದರೆ ಅವನೊಬ್ಬನೇ ಗಾಳಿ ತುಂಬುವ ಯಂತ್ರದ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಅವಳು ನೇರವಾಗಿ ಅಲ್ಲಿಗೆ ಹೋದಳು.

"ಯಾಕೆ ಸುಳ್ಳು ಹೇಳಿದ್ರಿ?"

"ಕೇಳಿಸ್ಲಿಲ್ಲ… ಒಂದು ಸ್ವರಾನೂ ಕೇಳಿಸ್ಲಿಲ್ಲ ನನಗೆ."

"ಯಾಕೆ, ಕಿವೀನ ಅಡ ಇಟ್ಟಿದ್ರಾ?"

ಅವನು ನಗಲು ನೋಡಿದ. ಆಗಲಿಲ್ಲ.

"ಇವತ್ತು ಕೊನೇ ಕಛೇರಿ. ಇದಾದ್ಮೇಲೆ ನಿಮ್ಮನ್ನ ನೋಡೋಕೆ ಯಾವ ನೆಪ ಹುಡುಕ್ಲಿ ಅಂತ ಯೋಚಿಸ್ತಾ ಕೂತೆ. ಹೊರಗೆ ಹೋದ ತಕ್ಷಣ ಹೇಳೇಬಿಡೋಣ ಅಂತ ಮಾತು ಜೋಡಿಸ್ತಿದ್ದೆ. ಒಂದು ವಾಕ್ಯ ನೆಟ್ಟಗಾಗೋದ್ರೊಳಗೆ ಜನ ಚಪ್ಪಾಳೆ ಹೊಡೆದ್ರು. ಬಂದ್ರೆ, ನೀವು ಅಷ್ಟು ಆಸೆಯಿಂದ ಕಾಯ್ತಿದ್ರಿ… ಬರಿಗೈಲಿ ಬಂದೆ ಅನ್ನೋಕೆ ನಾಚಿಕೆ ಆಯ್ತು. ಚೀಟೀಲಿ ಇದ್ದದ್ದನ್ನ ಹೇಳಿಬಿಟ್ಟೆ."

ಅವಳ ದನಿ ಗಟ್ಟಿಯಾಗಿಯೇ ಇತ್ತು.

"ಬರಿಗೈಲಿ ಬಂದಿದ್ರೂ ನನಗೆ ಸಾಕಿತ್ತು. ಯಾವ ಸುಳ್ಳಿಗೆ ನಾನು ಮದುವೆ ಬಿಟ್ಟು ಬಂದೆ ಅಂತ ಗೊತ್ತಿತ್ತಲ್ಲ ನಿಮಗೆ?"

"ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಮಾಡ್ದೆ. ತಪ್ಪು ನಂದು. ಮುಂದಿನ ಊರಲ್ಲಿ ಇಳ್ಕೋತೀನಿ. ರೈಲು ಸಿಗುತ್ತೆ."

ಅವಳು ಕಾದಳು. ಇಷ್ಟಕ್ಕೆಲ್ಲ ಯಾಕೆ ಮುಖ ಊದಿಸ್ಕೋತೀರ ಎನ್ನುತ್ತಾನೇನೋ ಎಂದು. ಅನ್ನಲಿಲ್ಲ. ಅವಳ ಸಿಟ್ಟು ಇಳಿಯುವ ತನಕ ಅಲ್ಲೇ, ಅವಳೆದುರಿಗೇ ನಿಂತಿದ್ದ.

ಮತ್ತೆ ಅವಳೊಳಗೇ ಏನೋ ಚುರುಕ್ಕೆಂದಿತು. *ನಾನೇನು ಮಹಾ ಸಾಚಾನಾ?*

"ಎರಡನೇ ಅರ್ಧ ಏನು ನುಡಿಸಿದ್ರು ಅಂತ ಕೇಳಲ್ವಾ?"

"ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಇರೋ ಮುಖದಲ್ಲೇ ಕೇಳಿ."

"…ಏನು ನುಡಿಸಿದ್ರು?"

"ನನಗೂ ಗೊತ್ತಿಲ್ಲ."

ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಬಾಗಿಲ ಕೆಳಗಿನ ಸಂದೀಲಿ ನಿಮ್ಮ ಬೂಟಿನ ನೆರಳು ಅತ್ತಿಂದಿತ್ತ ಓಡಾಡ್ತಿತ್ತು," ಅವಳು ನೆಲ ನೋಡುತ್ತ ಹೇಳಿದಳು. "ಪಿಯಾನೋ ಕಡೆ ಒಂದ್ಸಲಾನೂ ನೋಡ್ಲಿಲ್ಲ ನಾನು. ಬಸ್ಸಲ್ಲಿ ನೀವು ಕೇಳಿದ್ರೆ ಏನು ಹೇಳೋದು ಅಂತ… ನಾನೂ ಚೀಟೀನೇ ಓದ್ಕೊಂಡಿದ್ದೆ."

ಇಬ್ಬರಿಗೂ ನಗು ಉಕ್ಕಿತು. ಅವಳ ಕಣ್ಣಲ್ಲಿ ನೀರೂ ಇತ್ತು.

"ಅಂದ್ರೆ, ಇಷ್ಟು ದೂರ ಬಂದು ನಾವಿಬ್ಬರೂ ಏನೂ ಕೇಳಿಲ್ಲ?" ಎಂದಳು.

"ನಿದ್ದೆ ಹೊಡೆದ ಚಿಕ್ಕಮ್ಮಾನೇ ನಮಗಿಂತ ಜಾಸ್ತಿ ಕೇಳಿರ್ತಾರೆ!"

ಅವಳು ಸೆರಗಿನಂಚಿನಲ್ಲಿ ಕಣ್ಣೊರೆಸಿಕೊಂಡು ಗಂಭೀರಳಾದಳು.

"ಒಂದು ಮಾತು ಕೊಡಿ. ನಾನೂ ಕೊಡ್ತೀನಿ. ಕೇಳಿಸ್ದಿದ್ರೆ ಕೇಳಿಸ್ಲಿಲ್ಲ ಅನ್ನೋಣ. ಮನಸ್ಸು ಎಲ್ಲೋ ಇತ್ತು, ಇನ್ನೊಂದ್ಸಲ ಹೇಳು ಅನ್ನೋಣ. ಕೇಳಿಸ್ದಂಗೆ ನಟಿಸೋದು ಮಾತ್ರ ಬೇಡ."

"ಕೊಟ್ಟೆ."

"ರೈಲಿಗೆ ಹೋಗೋದು ಬೇಡ."

"ಹೋಗಲ್ಲ."

ಅಷ್ಟರಲ್ಲಿ ಡ್ರೈವರ್ ಹಾರ್ನ್ ಒತ್ತಿದ. ಆ ಗದ್ದಲದ ನಡುವೆಯೇ, ಇದಕ್ಕಿಂತ ಒಳ್ಳೆಯ ಮರೆ ಸಿಗುವುದಿಲ್ಲವೆಂಬಂತೆ, ಅವಳು ಹೇಳಿಯೇಬಿಟ್ಟಳು.

"ನಿಮ್ಮನ್ನ ತುಂಬಾ ಇಷ್ಟಪಡ್ತೀನಿ ನಾನು…"

ಹಾರ್ನ್ ನಿಂತಿತು. ಅವಳ ಕೆನ್ನೆ ಸುಡುತ್ತಿತ್ತು.

"ಕೇಳಿಸ್ತಾ?"

ಇಲ್ಲವೆನ್ನುವುದು ಸುಲಭವಿತ್ತು. ಅವನ ತುಟಿ ಅದಕ್ಕೆಂದೇ ಅರಳಿತು, ಆದರೆ ತಡೆದುಕೊಂಡ.

"ಕೇಳಿಸ್ತು," ಎಂದ ಮೆಲ್ಲಗೆ. "ಪ್ರತಿ ಅಕ್ಷರಾನೂ ಕೇಳಿಸ್ತು. ಆದ್ರೂ ಇನ್ನೊಂದ್ಸಲ ಹೇಳಿ."

"ಬಸ್ಸಲ್ಲಿ ಹೇಳ್ತೀನಿ. ಚಿಕ್ಕಮ್ಮ ನಿದ್ದೆ ಹೋಗ್ಲಿ."

"ಅವರು ಕಣ್ಣು ಮುಚ್ಕೊಂಡು ಎಲ್ಲಾ ಕೇಳಿಸ್ಕೋತಾರೆ ಅಂತ ನನಗೆ ಅನುಮಾನ."

"ಕೇಳಿಸ್ಕೊಳ್ಳಲಿ ಬಿಡಿ," ಎಂದು ಅವಳು ಅವನ ಕೈ ಹಿಡಿದು ಬಸ್ಸಿನತ್ತ ನಡೆದಳು.