ಸೀಸದ ಸಿಪಾಯಿಯ ಕೋಟು

ಆ ಚಳಿಗಾಲ ನಾಟಿಂಗ್‌ಹ್ಯಾಮಿನ ನಮ್ಮ ಮನೆಯಲ್ಲಿ ನಾನು ನೆಪೋಲಿಯನ್ನನ ದಂಡಿನ ಪುಟ್ಟ ಸೀಸದ ಸಿಪಾಯಿ ಗೊಂಬೆಗಳಿಗೆ, ಒಣಗಿದರೆ ಗಟ್ಟಿಯಾಗುವ ಮೆತ್ತನೆಯ ಅಂಟುಹಿಟ್ಟಿನಿಂದ ದಪ್ಪ ಕೋಟು ಮಾಡಿ ತೊಡಿಸಿ, ಬಣ್ಣ ಹಚ್ಚುತ್ತಿದ್ದೆ. ಮಾಸ್ಕೋದಿಂದ ಸೋತು, ಹಿಮದಲ್ಲಿ ಚಳಿಗೆ ಸಾಯುತ್ತ ಮರಳುತ್ತಿದ್ದ ದಂಡು ಅದು.

"ಅವಕ್ಕೆಲ್ಲ ಕೋಟು ತೊಡಿಸ್ತೀಯ, ನಿನ್ನ ಸ್ವೆಟರ್ ತೂತು ನೋಡ್ಕೊ," ಎನ್ನುತ್ತ ಹೆಂಡತಿ ಮ್ಯೂರಿಯಲ್ ಚಹಾ ತಂದಿಟ್ಟಳು.

ಒಬ್ಬ ಸಿಪಾಯಿಯ ಕೋಟು ಮಾತ್ರ ಮೈಮೇಲೆ ನಿಲ್ಲುತ್ತಿರಲಿಲ್ಲ. ಕೆಲಸದಿಂದ ದಣಿದು ಬಂದು ನೋಡಿದರೆ, ಅದು ಪಕ್ಕದಲ್ಲಿ ಬಿದ್ದಿದ್ದ ಗಾಯಾಳು ಗೊಂಬೆಯ ಮೇಲೆ ಹೊದಿಸಿದಂತಿರುತ್ತಿತ್ತು. ಮತ್ತೆ ಅಂಟಿಸಿದರೂ ಅದೇ ಕಥೆ.

"ನೀನೇನಾದ್ರೂ ಮುಟ್ಟಿದ್ಯಾ?"

"ನಂಗೇನು ಬೇರೆ ಕೆಲ್ಸ ಇಲ್ವಾ? ಅವನೇ ಕೊಟ್ಟಿರ್ತಾನೆ, ಬಿಡು ಅತ್ಲಾಗೆ."

ನನಗೂ ಸಾಕಾಗಿತ್ತು, ಕೋಟನ್ನು ಗಾಯಾಳುವಿನ ಮೇಲೇ ಬಿಟ್ಟೆ. ಮರುದಿನ ಸಂಜೆ ನೋಡಿದರೆ, ಕೋಟಿಲ್ಲದೆ ನಿಂತಿದ್ದವನು ಮೊಣಕಾಲು ಮಡಚಿ ಮಲಗಿದ್ದ. ಮುಟ್ಟಿದರೆ ಮಂಜುಗಡ್ಡೆ. ಭೂತಗನ್ನಡಿ ಹಿಡಿದೆ. ಯಾರಾದರೂ ಸೀಸ ಬಗ್ಗಿಸಿದ್ದರೆ ಬಿರಿಯಲೇಬೇಕಿದ್ದ ಒಣಗಿದ ಬಣ್ಣ, ಮಡಚಿದ ಮೊಣಕಾಲಿನ ಮೇಲೆ ಎಲ್ಲೂ ಬಿರುಕು ಬಿಟ್ಟಿರಲಿಲ್ಲ.