ರೋಲರ್ ಗಾಡಿಯ ಸಂಸಾರ

“ಇದರಾಗ ಸಂಸಾರ ಹೂಡಬ್ಯಾಡೋ ತಮ್ಮಾ. ಇದರ ಒಳಗ ನಿಂತು ಕೂಗಿದ್ರ ಬೇಕಾದವರಿಗೆ ಕೇಳೂದಿಲ್ಲ.”

ಮುದುಕಿ ಚೌಡವ್ವ ಬದುವಿನ ಮೇಲೆ ನಿಂತು ಈ ಮಾತು ಆಡಿದಾಗ ಕರಬಸಪ್ಪ ಗಾಡಿಯ ಕೆಳಗೆ ಅಂಗಾತ ಮಲಗಿ ಅಚ್ಚಿನ ತುಕ್ಕು ಕೆರೆಯುತ್ತಿದ್ದ. ಮುಖದ ಮೇಲೆ ಉದುರಿದ ಕೆಂಪು ಹುಡಿಯನ್ನು ಒರೆಸಿಕೊಳ್ಳುತ್ತ ನಕ್ಕುಬಿಟ್ಟ.

“ಬೇಕಾದವರಿಗೆ ಕೇಳೂದಿಲ್ಲಂದ್ರ ಬ್ಯಾಡಾದವರಿಗೆ ಕೇಳತೈತೇನು ಯವ್ವಾ? ಹಂಗಿದ್ರ ಛಲೋ ಆತು. ಹೇಣ್ತಿ ಬೈಗಳಾ ತಪ್ಪಿದವು.”

ಗಾಡಿಯ ಮೆಟ್ಟಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದ ಹೆಂಡತಿ ಸುಶೀಲವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಚೌಡವ್ವ ನಗಲಿಲ್ಲ. ಸುಶೀಲವ್ವನ ಮುಖ ನೋಡಿದಳು, ಹೊಟ್ಟೆ ನೋಡಿದಳು, ಗಾಡಿಯ ಬಾಗಿಲು ನೋಡಿದಳು. ಆಮೇಲೆ ಜೋಳದ ಸಾಲಿನೊಳಗೆ ಇಳಿದು ಹೊರಟುಹೋದಳು.

ಅದು ಮೂವತ್ತೆಂಟನೆಯ ಇಸವಿ. ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ಕರಬಸಪ್ಪ ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ಹದಿನಾರು ವರ್ಷ ಡಬ್ಬಿಗಳ ಮರಗೆಲಸ ಮಾಡಿದವನು. ಯಾರ್ಯಾರೋ ಕೂತು ಹೋಗುವ ಮೊದಲ ದರ್ಜೆಯ ಕೋಣೆಗಳಿಗೆ ಸಾಗವಾನಿ ಹಲಗೆ ಕೂಡಿಸಿ ಕೂಡಿಸಿ ಅವನ ಎದೆಯೊಳಗೆಲ್ಲ ಹೊಟ್ಟು ತುಂಬಿತ್ತು. ಆ ಹೊಗೆಯ ಊರಿನಲ್ಲಿ ಸುಶೀಲವ್ವನಿಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಮೂರನೆಯದು ನಿಂತಿದೆ ಎಂದು ತಿಳಿದ ದಿನವೇ ಅವನು ಕೆಲಸ ಬಿಟ್ಟ. ಹಿರೇಬೆಂಡಿಗೇರಿಯ ಹತ್ತಿರ ಸ್ವಲ್ಪ ಹೊಲ ಹಿಡಿದ. ಒಂದು ಎಮ್ಮೆ, ನಾಲ್ಕು ಸಾಲು ಮೆಣಸಿನಕಾಯಿ, ಬಾಯಿ ತುಂಬ ಗಾಳಿ; ಇಷ್ಟು ಸಾಕು ಎನ್ನುತ್ತಿದ್ದ.

ಆ ಹೊಲದ ಮೂಲೆಯಲ್ಲಿ, ಹುಣಸೆಮರದ ಕೆಳಗೆ, ಗಾಡಿ ನಿಂತಿತ್ತು. ತಡಸದ ರಸ್ತೆ ಮಾಡುವಾಗ ಉಗಿ ರೋಲರಿನ ಹಿಂದೆ ಕಟ್ಟಿ ಎಳೆಯುತ್ತಿದ್ದ, ಡ್ರೈವರ ಉಳಿಯುವ ಮರದ ಕೋಣೆ ಅದು. ಕಬ್ಬಿಣದ ಪಟ್ಟಾ ಹಾಕಿದ ನಾಲ್ಕು ಗಾಲಿ, ಬಿಲ್ಲಿನಂತೆ ಬಾಗಿದ ತಗಡಿನ ಚಾವಣಿ, ಒಂದು ಬಾಗಿಲು, ಎರಡು ಸಣ್ಣ ಕಿಡಕಿ. ಏಳು ವರ್ಷದಿಂದ ಯಾರೂ ಅದರ ಒಂದು ಹಲಗೆಯನ್ನೂ ಕದ್ದಿರಲಿಲ್ಲ. ಒಲೆಗೆ ಸೌದೆ ಸಿಗದ ಸೀಮೆಯಲ್ಲಿ ಇದು ವಿಚಿತ್ರವೆಂದು ಕರಬಸಪ್ಪನಿಗೆ ಹೊಳೆಯಲಿಲ್ಲ. ಅವನು ಕಂಡದ್ದು ಮರವನ್ನು. “ಒಳಗ ಇನ್ನೂ ಗಟ್ಟಿ ಐತಿ ನೋಡ. ನಮ್ಮ ಮನಿ ಇದ,” ಎಂದು ಹೆಂಡತಿಯ ಕೈ ಹಿಡಿದು ಹಲಗೆಯ ಮೇಲೆ ಇಡಿಸಿದ್ದ.

ಅವಳು ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡಿದ್ದಳು. ಹಲಗೆ ತಣ್ಣಗಿತ್ತು. ಒಳಗೆ ಹಳೆಯ ಕಲ್ಲಿದ್ದಲಿನ ಮಸಿಯ ವಾಸನೆ, ಅದರ ಅಡಿಯಲ್ಲಿ ಇನ್ನೊಂದು, ತೊಳೆದು ಒಣಗಿಸದ ತಲೆಗೂದಲಿನ ವಾಸನೆ.

ಗಾಲಿಗಳಿಗೆ ಹೊಸ ಪಟ್ಟಾ ಹಾಕಲು ಸವಣೂರಿನಿಂದ ಕಮ್ಮಾರ ಹಯಾತ ಬಂದ. ಅವನು ಕುಲುಮೆ ಹೂಡಿ ಕಬ್ಬಿಣ ಕಾಯಿಸುತ್ತಿರುವಾಗ ಕರಬಸಪ್ಪ ಕೊಳೆತ ನೆಲಹಲಗೆಗಳನ್ನು ಎಬ್ಬಿಸಿದ. ಎರಡು ತೊಲೆಗಳ ನಡುವೆ, ಬಾಗಿಲಿಗೆ ನೇರವಾಗಿ, ಒಂದು ಕುರಿಗಂಟೆಯನ್ನು ಮೊಳೆ ಹೊಡೆದು ಬಿಗಿದಿದ್ದರು. ಗಂಟೆಯ ನಾಲಿಗೆ ಕಿತ್ತಿತ್ತು. ಅದರ ಬಾಯಿಗೆ ಉದ್ದನೆಯ ಹೆಣ್ಣುಗೂದಲು ತುರುಕಿ ಅರಗಿನಿಂದ ಮುಚ್ಚಿದ್ದರು.

ಹಯಾತನ ಕೈಯ ಇಕ್ಕಳ ಕೆಳಗೆ ಬಿತ್ತು. “ಮಿಸ್ತ್ರಿ, ಮುಟ್ಟಬ್ಯಾಡ್ರಿ ಅದನ್ನ. ಚೌಡವ್ವನ ಮಗಳ ಕೂದಲಾ ಅವು.”

ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿದ್ದ ಕಥೆಯನ್ನು ಅವನು ದನಿ ತಗ್ಗಿಸಿ ಹೇಳಿದ. ಹೊನ್ನವ್ವ ಎಂಬ ಹುಡುಗಿ. ರೋಲರಿನ ಡ್ರೈವರ ಆಸೆ ತೋರಿಸಿ ಕರೆದುಕೊಂಡು ಬಂದು ಈ ಗಾಡಿಯೊಳಗೆ ಇಟ್ಟುಕೊಂಡಿದ್ದ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಕೀಲಿ ಹಾಕುತ್ತಿದ್ದ. ದಿನ ತುಂಬಿ ನೋವು ಬಂದಾಗಲೂ ಕೀಲಿ ಬಿದ್ದಿತ್ತು. ರೋಲರಿನ ಗದ್ದಲದಲ್ಲಿ ಅವನಿಗೆ ಕೇಳಲಿಲ್ಲ. ನೂರು ಮಾರು ದೂರದಲ್ಲಿ ಕಳೆ ತೆಗೆಯುತ್ತಿದ್ದ ತಾಯಿಗೂ ಕೇಳಲಿಲ್ಲ. ಬಾಗಿಲು ತೆರೆದಾಗ ಹೊನ್ನವ್ವನೂ ಕೂಸೂ ಇಬ್ಬರೂ ಸತ್ತುಹೋಗಿದ್ದರು. ಡ್ರೈವರ ಓಡಿಹೋದ. ಚೌಡವ್ವ ಮಾಟ ಕಲಿತಳು.

“ಸತ್ತವರ ಹೆಸರಿಲೆ ಜೀವಂತ ಇದ್ದವರನ್ನ ಹೆದರಸತೀರಿ,” ಎಂದು ಕರಬಸಪ್ಪ ಗಂಟೆಯನ್ನು ಕಿತ್ತ. ಕೂದಲನ್ನು ಕುಲುಮೆಗೆ ಒಗೆದ. ಒಂದು ಹಿಡಿ ಕೂದಲು ಅಷ್ಟು ಹೊತ್ತು ಉರಿಯಬಾರದಿತ್ತು. ಉರಿಯಿತು. ಆ ವಾಸನೆಗೆ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಕರಬಸಪ್ಪ ಗಂಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸ ನಾಲಿಗೆ ಕೂಡಿಸಿ, ಬಾಗಿಲ ಮೇಲೆ ತೂಗುಹಾಕಿ, ಅದರ ದಾರವನ್ನು ಒಳಗೆ ಮಂಚದ ತನಕ ಎಳೆದ.

“ನಾ ಕೂಗಿದ್ರ ಕೇಳದಿದ್ರ ಇದನ್ನ ಜಗ್ಗು,” ಎಂದು ಹೆಂಡತಿಗೆ ಹೇಳಿ ತಾನೇ ತಿದ್ದಿಕೊಂಡ. “ಅಲ್ಲಲ್ಲ, ನೀ ಕೂಗಿದ್ದು ನನಗ ಕೇಳದಿದ್ರ.”

ಹಯಾತ ಅಂದೇ ಕೆಲಸ ಮುಗಿಸಿಕೊಂಡು ಹೊರಟ.

ಚಳಿಗಾಲವೆಲ್ಲ ಕರಬಸಪ್ಪ ಗಾಡಿಯನ್ನು ಮಗುವಿನಂತೆ ನೋಡಿಕೊಂಡ. ಹಳೆಯ ಬಣ್ಣ ಕೆರೆದ, ಅಗಸೆ ಎಣ್ಣೆ ಕುಡಿಸಿದ, ಕಿಡಕಿಗಳಿಗೆ ಹಿತ್ತಾಳೆಯ ತಿರುಗಣಿ ಕೂಡಿಸಿದ. ಬಾಗಿಲನ್ನಂತೂ ಗಾಳಿಯೂ ನುಸುಳದ ಹಾಗೆ ಕೂಡಿಸಿದ. ಸುಶೀಲವ್ವನ ಹೊಟ್ಟೆ ತುಂಬುತ್ತ ಬಂತು. ಅವಳು ಒಳಗಿನಿಂದ ಊಟಕ್ಕೆ ಕರೆದರೆ ಅವನು ಬರುತ್ತಿರಲಿಲ್ಲ. ಅವಳು ಸಿಟ್ಟಾಗಿ ಹೊರಬರುತ್ತಿದ್ದಳು. “ಕಾರಖಾನಿ ಗದ್ದಲದಾಗ ಕಿವಿ ಹೋಗ್ಯಾವ,” ಎಂದು ಅವನು ನಗುತ್ತಿದ್ದ. ಆದರೆ ಜೋಳದ ತೆನೆಯ ಮೇಲೆ ಗುಬ್ಬಿ ಕೂತರೆ ಆ ಕಿವಿಗೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಅವನು ಬಾಗಿಲ ಎದುರಿಗೇ ನಿಂತಿದ್ದ. ಒಳಗಿನ ಕತ್ತಲೆಯಲ್ಲಿ ಸುಶೀಲವ್ವ ಅವನ ಕಡೆ ನೋಡುತ್ತ ಮಾತಾಡುತ್ತಿದ್ದಳು. ತುಟಿಗಳು ಆಡುತ್ತಿದ್ದವು. ಕೈಗಳು ಆಡುತ್ತಿದ್ದವು. ಸಪ್ಪಳವಿಲ್ಲ. ಅವಳು ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ಕಾಲಿಟ್ಟಳು.

“...ಆರಿ ಹೋತು, ಎಷ್ಟು ಸಲ ಕರೀಬೇಕ್ರಿ?”

ಮಾತು ನಡುವಿನಿಂದ ಶುರುವಾಯಿತು. ಮೊದಲರ್ಧವನ್ನು ಯಾರೋ ಕತ್ತರಿಸಿ ಒಳಗೇ ಇಟ್ಟುಕೊಂಡಂತೆ. ಕರಬಸಪ್ಪನಿಗೆ ಚೌಡವ್ವನ ಮಾತು ನೆನಪಾಯಿತು. ಅವಳಿಗೆ ಹೇಳಬೇಕಿತ್ತು. ಅಂದೇ ಗಾಡಿ ಬಿಡಿಸಬೇಕಿತ್ತು. ಆದರೆ ಅಷ್ಟು ನಕ್ಕವನು ಈಗ ಯಾವ ಬಾಯಿಂದ ಹೇಳುವುದು? ಹೇಗೂ ಯುಗಾದಿ ಮುಗಿದರೆ ಅವಳು ಹೆರಿಗೆಗೆ ತವರಿಗೆ, ಚಿಕ್ಕೇರೂರಿಗೆ ಹೊರಡುವವಳು. ಇನ್ನು ಕೆಲವೇ ದಿನ ಎಂದುಕೊಂಡ.

ಯುಗಾದಿಗೆ ಎರಡು ದಿನವಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಸುಶೀಲವ್ವ ಬಿಸಿಲಿಗೆ ತಲೆ ಸುತ್ತುತ್ತಿದೆ ಎಂದು ಒಳಗೆ ಹೋಗಿ ಮಲಗಿದ್ದಳು. ಕರಬಸಪ್ಪ ಗಾಡಿಗೆ ಬೆನ್ನು ಮಾಡಿ ಹತ್ತು ಹೆಜ್ಜೆ ದೂರದಲ್ಲಿ ಹಲಗೆ ಹೆರೆಯುತ್ತಿದ್ದ. ಎಲ್ಲವೂ ಕೇಳುತ್ತಿತ್ತು. ದೂರದ ಬಾವಿಯ ಗಡಗಡಿ. ಹುಣಸೆಕಾಯಿಗಳು ಒಂದಕ್ಕೊಂದು ತಾಗುವ ಸಪ್ಪಳ. ಎಮ್ಮೆಯ ಉಸಿರು. ಹಾಯೆನಿಸುವ ಮಧ್ಯಾಹ್ನ.

ಆಗ ಹೊಲದ ಆಚೆ ತುದಿಯಿಂದ ಚೌಡವ್ವ ಓಡಿ ಬರುತ್ತಿರುವುದು ಕಂಡಿತು. ಸೆರಗು ನೆಲಕ್ಕೆ ಎಳೆಯುತ್ತಿತ್ತು.

“ಏ ತಮ್ಮಾ! ಏ ಪಾಪಿ! ಅಕಿ ಒದರಾಕತ್ತಾಳೋ! ಆಗಿನಿಂದ ಒದರಾಕತ್ತಾಳ!”

ಅವನು ತಿರುಗಿದ. ಬಾಗಿಲ ಮೇಲಿನ ಗಂಟೆ ಹುಚ್ಚು ಹಿಡಿದಂತೆ ಹೊಯ್ದಾಡುತ್ತಿತ್ತು. ನಾಲಿಗೆ ಅಂಚಿಗೆ ಬಡಿಯುತ್ತಿತ್ತು. ಬಡಿಯುವುದು ಕಾಣುತ್ತಿತ್ತು. ಸದ್ದಿಲ್ಲ. ಒಂದಿಷ್ಟೂ ಸದ್ದಿಲ್ಲ.

ಓಡಿದ. ಬಾಗಿಲು ನೂಕಿದ. ಬಾಗಿಲು ತೆರೆಯಲಿಲ್ಲ. ಅವನೇ ಕೂಡಿಸಿದ ಬಾಗಿಲು. ಗಾಳಿಯೂ ನುಸುಳದ ಬಾಗಿಲು. ಭುಜ ಕೊಟ್ಟ. ಒದ್ದ. ಕೊಡಲಿ ತಂದ. ಸಾಗವಾನಿ ಸೀಳಿತು. ಒಳಗಿನ ಕತ್ತಲೆ ಬಿಸಿಯಾಗಿ ಮುಖಕ್ಕೆ ರಾಚಿತು. ರಕ್ತದ ವಾಸನೆ. ಅಗಸೆ ಎಣ್ಣೆಯ ವಾಸನೆ. ಒದ್ದೆ ಕೂದಲಿನ ವಾಸನೆ. ಸುಶೀಲವ್ವ ನೆಲದ ಮೇಲೆ ಇದ್ದಳು. ಬಾಯಿ ಪೂರ್ತಿ ತೆರೆದಿತ್ತು. ಕೊರಳ ನರ ಉಬ್ಬಿದ್ದವು. ಕಿರುಚುತ್ತಿದ್ದಳು. ಅವನಿಗೆ ತನ್ನ ಎದೆಯ ಬಡಿತ ಮಾತ್ರ ಕೇಳುತ್ತಿತ್ತು.

ಅವಳ ಕಾಲುಗಳ ನಡುವೆ ಕೂಸು. ಹೆಣ್ಣು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತು. ಅವನು ಬಿಡಿಸಿದ. ಎತ್ತಿಕೊಂಡ. ಕೂಸಿನ ಎದೆ ಏರಿತು. ಬಾಯಿ ತೆರೆಯಿತು, ಗೂಡಿನ ಮರಿಯ ಹಾಗೆ. ಮುಚ್ಚಿತು. ಇನ್ನೊಮ್ಮೆ ತೆರೆಯಿತು. ಮುಚ್ಚಿತು.

ಮತ್ತೆ ತೆರೆಯಲಿಲ್ಲ.

ಚೌಡವ್ವ ಏದುತ್ತ ಬಾಗಿಲಿಗೆ ಬಂದಾಗ ಕೂಸು ನೀಲಿಯಾಗಿತ್ತು. ಅವಳು ಸುಶೀಲವ್ವನನ್ನು ಉಳಿಸಿದಳು. ರಕ್ತ ನಿಲ್ಲಿಸಿದಳು, ತನ್ನ ಗುಡಿಸಲಿಗೆ ಹೊರಿಸಿದಳು.

ಸಂಜೆ ಕರಬಸಪ್ಪ ಗಾಡಿಗೆ ಬೆಂಕಿ ಇಟ್ಟ. ಎಣ್ಣೆ ಕುಡಿದ ಮರ ಒಮ್ಮೆಲೇ ಹತ್ತಿಕೊಂಡಿತು. ಚೌಡವ್ವ ಪಕ್ಕದಲ್ಲಿ ಬಂದು ನಿಂತಳು.

“ಆ ಡ್ರೈವರಗ ಮಾಡಿದ್ದೆ ತಮ್ಮಾ, ಇದರಾಗ ಸಂಸಾರ ಹೂಡಿದಾವಗ ತನ್ನವರ ಕೂಗು ಎಂದೂ ಕೇಳಬಾರದಂತ. ಅವಾ ಹೊಳ್ಳಿ ಬರಲೇ ಇಲ್ಲ. ಕಟ್ಟೂದು ಕಲಿಸಿದಾವ ಬಿಚ್ಚೂದು ಕಲಿಸದ ಸತ್ತ. ಗಾಡಿ ಸುಟ್ರ ಗಾಡಿ ಸುಡತೈತಿ. ನಾ ಆಡಿದ ಮಾತು ಸುಡೂದಿಲ್ಲ.”

ಅವನು ಕೈ ಎತ್ತಿ ಅವಳನ್ನು ಸುಮ್ಮನಿರಿಸಿದ. ಉರಿಯ ಒಳಗಿನಿಂದ ಒಂದು ಎಳೆಯ ಹೆಣ್ಣುದನಿ ಬರುತ್ತಿತ್ತು.

“ಕೇಳತೈತೇನು?” ಎಂದ.

“ಏನು? ನನಗೇನೂ ಕೇಳವಲ್ದು.” ಮುದುಕಿ ಬೆಂಕಿಯ ಕಡೆ ಕಿವಿ ಕೊಟ್ಟಳು. ಅವನ ತೋಳು ಹಿಡಿದಳು. “ಹೊನ್ನಿ ಏನು? ಏನಂತಾಳೋ? ತಮ್ಮಾ, ಏನಂತಾಳ ನನ್ನ ಮಗಳು?”

“‘ಯವ್ವಾ, ಬಾಗಲಾ ತಗಿ’ ಅಂತಾಳ.”

ಚೌಡವ್ವ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು. ಚಾವಣಿಯ ತಗಡು ಬಿದ್ದ ಮೇಲೆ ಆ ದನಿ ನಿಂತಿತು.

ಮೂರು ದಿನಕ್ಕೆ ಸುಶೀಲವ್ವ ಕಣ್ಣು ಬಿಟ್ಟಳು. ಅವಳ ತುಟಿಗಳು ಆಡಿದವು. ಗುಡಿಸಲ ಹೊರಗೆ ಕೋಳಿ ಕೆದರುವುದು ಅವನಿಗೆ ಕೇಳುತ್ತಿತ್ತು. ಗೇಣು ದೂರದ ಹೆಂಡತಿಯ ದನಿ ಕೇಳಲಿಲ್ಲ. ಅವಳನ್ನು ಹೊರಗೆ ತಂದ, ಬಿಸಿಲಿಗೆ ಕೂರಿಸಿದ, ಹಿರೇಬೆಂಡಿಗೇರಿಯೊಳಗೆ ಮನೆ ಹಿಡಿದ. ಎಲ್ಲಿಯೂ ಕೇಳಲಿಲ್ಲ. ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತ. ಮೊದಲ ದಿನ ಅವನು ಹಿಡಿದ ಮಾತು ಇದು: “ಅಕಿ ಅತ್ತಳಲ್ಲ? ನಿಮಗ ಕೇಳಿತ?”

ಊರ ಹೆಂಗಸರು ಕೂಸು ಹುಟ್ಟುವಾಗಲೇ ಸತ್ತಿತ್ತು ಎನ್ನುತ್ತಿದ್ದರು. ಸುಶೀಲವ್ವನಿಗೆ ತಾನು ಕೇಳಿದ್ದು ನಿಜವೋ, ನೋವಿನ ಮಂಪರೋ ತಿಳಿಯದಾಗಿತ್ತು. ಅವಳ ಕಣ್ಣು ನೋಡಿ ಅವನು ಹೇಳಿದ, “ಕೇಳಿತು. ಎರಡು ಸಲ ಅತ್ತಳು.”

ಕೂಸು ಯಾರನ್ನೂ ಕರೆದಿರಲಿಲ್ಲ, ಬರೀ ಅತ್ತಿತ್ತು, ಅದಕ್ಕೇ ಅವನಿಗೆ ಕೇಳಿರಬೇಕು ಎಂದು ಅವಳು ನಂಬಿದಳು. ಆ ಅಳುವೊಂದೇ ಅವಳ ಮಗಳ ಇಡೀ ಆಯುಷ್ಯವಾಗಿತ್ತು. ಹೊತ್ತು ಮುಳುಗಿದರೆ ಅವನ ಎದುರಿಗೆ ಕೂತು ಕೇಳುವಳು, ಹೇಗಿತ್ತು ದನಿ? ಅವನು ಹೇಳುವನು, ಸಣ್ಣಗಿತ್ತು, ಕುರಿಮರಿಯ ಹಾಗೆ. ಇನ್ನೊಮ್ಮೆ ಕೇಳಿದರೆ, ಬೆಕ್ಕಿನ ಮರಿಯ ಹಾಗೆ. ಒಮ್ಮೆ ಜೋರಾಗಿತ್ತು ಎಂದ, ಇನ್ನೊಮ್ಮೆ ಮೆತ್ತಗಿತ್ತು ಎಂದ. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಅವಳು ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು.

“ನಿಮಗ ಕೇಳಿರಲಿಲ್ಲ,” ಎಂದವು ತುಟಿಗಳು. “ಅಕಿ ಅತ್ತೇ ಇರಲಿಲ್ಲ.”

“ಅತ್ತಳು ಸುಶೀಲಾ! ಬಾಯಿ ತಗದದ್ದು ನಾ ಕಣ್ಣಾರೆ ನೋಡೇನಿ! ಎರಡು ಸಲ!”

ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಆ ಮಾತು ಎತ್ತಲಿಲ್ಲ. ಬೇರೆ ಮಾತೂ ಕಡಿಮೆಯಾಯಿತು.

ನಲವತ್ತೊಂದರ ಶ್ರಾವಣದಲ್ಲಿ ಒಂದು ಮುಂಜಾನೆ ಕರಬಸಪ್ಪ ಅಂಗಳದಲ್ಲಿ ಯಾರದೋ ಚಕ್ಕಡಿಯ ನೊಗ ಕೆತ್ತುತ್ತಿದ್ದ. ಮಧ್ಯಾಹ್ನ ಊಟಕ್ಕೆ ಒಳಗೆ ಹೋದಾಗ ಒಲೆ ತಣ್ಣಗಿತ್ತು, ಗೂಟದ ಮೇಲಿನ ಸೀರೆಗಳು ಇರಲಿಲ್ಲ. ಹೊರಗೆ ಬಂದ. ಬಾಗಿಲ ಕಲ್ಲಿನ ಮೇಲೆ ಚೌಡವ್ವ ಕೂತಿದ್ದಳು. ಈಗ ಅವಳಿಗೆ ಕಣ್ಣು ಮಂಜಾಗಿದ್ದವು, ಕಿವಿ ಚುರುಕಾಗಿದ್ದವು.

“ಚಿಕ್ಕೇರೂರಿಗೆ ಹೋದ್ಲು,” ಎಂದಳು. “ಮೋಟಾರು ಹೋಗಿ ಬಾಳ ಹೊತ್ತಾತು. ಗಂಟು ಹಿಡಕೊಂಡು ನಿನ್ನ ಬೆನ್ನ ಹಿಂದ ನಿಂತಿದ್ಲು. ನಾ ನಿನಗ ಹೇಳಾಕ ಹೋದೆ. ನನ್ನ ಬಾಯಿಮ್ಯಾಲ ಕೈ ಇಟ್ಟು ಆಣಿ ಹಾಕಿದ್ಲು.”

“ಏನಂದ್ಲು?”

ಮುದುಕಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು.

“ಬೇ ಚೌಡವ್ವಾ. ನನ್ನ ಬೆನ್ನಿಗೆ ನಿಂತು ಏನಂದ್ಲು?”

“ಹೊಳ್ಳಿ ನೋಡಿದ್ರ ಉಳೀತೇನಿ ಅಂದ್ಲು,” ಎಂದಳು ಚೌಡವ್ವ. “ಮೂರು ಸಲ ಕರದ್ಲು. ಹೆಸರು ಹಿಡದು ಕರದ್ಲೋ ತಮ್ಮಾ. ಕರಬಸಪ್ಪಾ ಅಂತ.”

ಹದಿನಾಲ್ಕು ವರ್ಷದ ಸಂಸಾರದಲ್ಲಿ ಸುಶೀಲವ್ವ ಒಮ್ಮೆಯೂ ಗಂಡನ ಹೆಸರು ಹಿಡಿದು ಕರೆದಿರಲಿಲ್ಲ. ಕರಬಸಪ್ಪ ಮುದುಕಿಯ ಎದುರಿಗೆ ನೆಲದ ಮೇಲೆ ಕೂತ.

“ಇನ್ನೊಮ್ಮೆ ಅನ್ನು,” ಎಂದ. “ಅಕಿ ಹೆಂಗಂದ್ಲು, ಹಂಗ.”